ನಮ್ಮ ಮನೆಯಲ್ಲಿ ತಟ್ಟೆ ಜಾರುತ್ತಿತ್ತು

ಆಲ್ದೂರಿನ ಪೇಟೆಬೀದಿಯಲ್ಲಿದ್ದ ನಮ್ಮ ಮನೆಯನ್ನು ಕಾಫಿಯ ಘಮ ಹಿಡಿದುಕೊಂಡೇ ಹುಡುಕಬಹುದಿತ್ತು. ಮುಂದೆ ಅಪ್ಪನ ಕಾಫಿಪುಡಿ ಅಂಗಡಿ, ಅದರ ಹಿಂದೆ ನಡುಮನೆ, ನಡುಮನೆಯ ಒಂದು ಮೂಲೆಗೆ ದೇವರ ಕೋಣೆ, ಇನ್ನೊಂದು ಮೂಲೆಗೆ ಅಡುಗೆಮನೆ, ಹಿತ್ತಿಲಿನ ಮಾಡಿನ ಕೆಳಗೆ ಬೀಜ ಹುರಿಯುವ ಡ್ರಮ್ಮು. ಸೌದೆ ಉರಿಯ ಮೇಲೆ ಅಪ್ಪ ಡ್ರಮ್ಮನ್ನು ತಾವೇ ತಿರುಗಿಸುತ್ತಿದ್ದರು. ಆ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಬೀಜ ಒಮ್ಮೆ ಚಟಪಟ ಎಂದು ಸುಮ್ಮನಾಗಿ, ಎರಡನೆಯ ಸಲ ಸದ್ದು ಮಾಡುವುದಕ್ಕೆ ಮುಂಚಿನ ಗಳಿಗೆಯಲ್ಲಿ ಇಳಿಸಿ ಮೊರಕ್ಕೆ ಸುರಿಯಬೇಕು. ಸ್ವಲ್ಪ ತಡವಾದರೆ ಕರಕಲು, ಸ್ವಲ್ಪ ಬೇಗವಾದರೆ ಹುಲ್ಲಿನ ವಾಸನೆ. ಆ ಗಳಿಗೆಯನ್ನು ಅಪ್ಪ ಕಣ್ಣುಮುಚ್ಚಿ ಹಿಡಿಯುತ್ತಿದ್ದರು. ಹಾಗಾಗಿ ಅವರ ಪುಡಿ ಎಂದಾದರೂ ಕಹಿಯಾದರೆ ಅದರ ಕಾರಣ ಇಡೀ ಪೇಟೆಗೆ ಗೊತ್ತಾಗಿಬಿಡುತ್ತಿತ್ತು. ಎದುರುಮನೆಯ ಬಟ್ಟೆ ಅಂಗಡಿಯ ರುದ್ರಮ್ಮ ಜಗಲಿಯ ಮೇಲಿಂದಲೇ ಕೂಗುತ್ತಿದ್ದಳು:

“ಏನೇ ಪುಟ್ಟಿ, ನಿಮ್ಮಪ್ಪನ ಪುಡಿ ಈ ವಾರ ಒಂಥರಾ ಕಪ್ಪಗಿದೆಯಲ್ಲ. ಮನೇಲಿ ಎಲ್ಲ ಸೌಖ್ಯವಾ?”

ನಾನು ಸೌಖ್ಯ ಎಂದು ತಲೆಯಾಡಿಸಿ ಶಾಲೆಯ ಕಡೆ ಓಡುತ್ತಿದ್ದೆ. ಕಿವಿ ಬಿಸಿಯಾಗಿರುತ್ತಿತ್ತು.

ಮನೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಆಮೇಲೆ ತಟ್ಟೆಗೆ ಬಡಿಸಿದ್ದೆಲ್ಲ ಪ್ರಸಾದ. ಒಂದು ಅಗುಳನ್ನೂ ಬಿಡುವಂತಿಲ್ಲ. ಕೊನೆಗೆ ತಟ್ಟೆಗೆ ನೀರು ಸುರಿದು, ಬೆರಳಲ್ಲಿ ಸುತ್ತ ಒರೆಸಿ, ಆ ನೀರನ್ನೂ ಕುಡಿಯಬೇಕು. ಅಪ್ಪ ಕುಡಿಯುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಕುಡಿಯುತ್ತಿದ್ದ ಅಪ್ಪನೇ, ಸಿಟ್ಟು ಬಂದ ದಿನ ಅದೇ ಕಂಚಿನ ತಟ್ಟೆಯನ್ನು ಅನ್ನದ ಸಮೇತ ಎತ್ತಿ ಬಾಗಿಲ ಕಡೆಗೆ ಬೀಸುತ್ತಿದ್ದರು. ರೊಟ್ಟಿಯ ಅಂಚು ದಪ್ಪವಾಗಿದ್ದರೆ, ಸಾರು ಆರಿದ್ದರೆ, ಅಥವಾ ಅಂಗಡಿಯಲ್ಲಿ ಯಾರೋ ಏನೋ ಅಂದಿದ್ದರೆ. ಕಾರಣಕ್ಕೂ ತಟ್ಟೆಗೂ ಸಂಬಂಧವೇ ಇರುತ್ತಿರಲಿಲ್ಲ. ಹುಬ್ಬು ಗಂಟಾಗುವುದನ್ನು ಕಂಡ ಕೂಡಲೇ ಅಮ್ಮ ಒಂದು ಕೆಲಸ ಮಾಡುತ್ತಿದ್ದಳು: ತಟ್ಟೆ ಹಾರುವ ದಾರಿಯಲ್ಲಿದ್ದ ನೀರಿನ ಬಿಂದಿಗೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದಳು. ಆಮೇಲೆ ಠಣ್ ಎಂಬ ಸದ್ದು. ಬಾಗಿಲ ಚೌಕಟ್ಟಿನಲ್ಲಿ ಆ ಸದ್ದಿನ ಗಾಯಗಳು ಒಂದರ ಮೇಲೊಂದು ಇದ್ದವು.

ಸದ್ದು ಬೀದಿಗೆ ಕೇಳುತ್ತಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಕೂಡಲೇ ಎದ್ದು ಜಗಲಿಗೆ ಹೋಗಿ, ಯಾರೂ ಕೇಳದಿದ್ದರೂ ಹೇಳುತ್ತಿದ್ದರು:

“ತಟ್ಟೆ ಕೈಜಾರಿ ಬಿತ್ತು ಕಣ್ರೇ. ಎಣ್ಣೆಗೈ ಬೇರೆ.”

ನಮ್ಮ ಮನೆಯಲ್ಲಿ ಯಾರೂ ತಟ್ಟೆ ಎಸೆಯುತ್ತಿರಲಿಲ್ಲ. ಅದು ಜಾರುತ್ತಿತ್ತು, ಅಷ್ಟೆ. ನಾನೂ ಹಾಗೆಯೇ ಹೇಳಲು ಕಲಿತೆ. ಅಪ್ಪ ಎದ್ದು ಹಿತ್ತಿಲಿಗೆ ಹೋಗಿ ಡ್ರಮ್ಮಿಗೆ ಬೀಜ ಹಾಕುತ್ತಿದ್ದರು; ಅವತ್ತಿನ ಬೀಜ ಸುಟ್ಟುಹೋಗುತ್ತಿತ್ತು.

ಅಮ್ಮನಿಗೂ ಸಿಟ್ಟು ಬರುತ್ತಿತ್ತು. ಅವಳ ಸಿಟ್ಟಿಗೆ ಒಂದು ಚೀಲವಿತ್ತು. ಗೂಟದಲ್ಲಿ ನೇತಾಡುತ್ತಿದ್ದ ಆ ಹಸಿರು ಚೀಲಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ, ನನ್ನ ರಟ್ಟೆ ಹಿಡಿದೆಳೆದುಕೊಂಡು, ಹಿತ್ತಿಲ ಬಾಗಿಲಿನಿಂದ ಹೊರಟು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದಳು. ಅವಳ ತವರು ಕಳಸದ ಹತ್ತಿರ. ಅಲ್ಲಿ ಅವಳ ಅಣ್ಣನಿಗೆ ಸಣ್ಣ ಕಾಫಿತೋಟವಿತ್ತು. ಚೀಲದೊಳಗೆ ಏನಿರುತ್ತಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಒಗೆಯದ ಸೀರೆ, ಜೋಡಿಯಿಲ್ಲದ ರವಿಕೆ, ಒಮ್ಮೆ ಲಟ್ಟಣಿಗೆ, ಇನ್ನೊಮ್ಮೆ ನನ್ನ ಶಾಲೆಯ ಬಳಪದ ಡಬ್ಬಿ. ಬಾಚಣಿಗೆ ಒಂದು ಸಲವೂ ಇರಲಿಲ್ಲ. ಒಂದು ದಿನ ಅವಳು ಬರಿಗಾಲಲ್ಲೇ ಬಂದಿದ್ದಳು. ಬಸ್ಸುಗಳನ್ನು ಕೂಗುವ ಏಜೆಂಟ್ ಸಿದ್ದಣ್ಣ ನಮ್ಮನ್ನು ನೋಡಿ ನಗು ತಡೆದುಕೊಂಡು ಕೇಳುತ್ತಿದ್ದ:

“ಅಕ್ಕಾ, ಕಳಸದ ಬಸ್ಸು ಬಂತು. ಇವತ್ತು ಹತ್ತೋದಾ, ಇಲ್ಲ ಕೂತಿದ್ದು ಹೋಗೋದಾ?”

“ಮುಂದಿನ ಬಸ್ಸಿಗೆ ಹೋಗ್ತೀನಿ.”

“ಮುಂದಿಂದು ಬಾಳೆಹೊನ್ನೂರಿಗೇ ಕೊನೆ ಅಕ್ಕಾ.”

“ನಿಂಗ್ಯಾಕೋ ಮಾರಾಯ? ನಿನ್ನ ಬಸ್ಸು ನೀ ನೋಡ್ಕೋ.”

ಸುತ್ತ ಕೂತವರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಸಂಜೆಯ ಹೊತ್ತಿಗೆ ಅಪ್ಪ ಬರುತ್ತಿದ್ದರು. ಬಂದವರೇ ಚೀಲವನ್ನು ಎತ್ತಿಕೊಂಡು ಮನೆಯ ಕಡೆ ನಡೆಯುತ್ತಿದ್ದರು. ಚೀಲ ಹೋದ ಮೇಲೆ ಅಮ್ಮನೂ ಎದ್ದು ಹೋಗುತ್ತಿದ್ದಳು. ಅವಳ ಹಿಂದೆ ನಾನು. ಮೂವರೂ ಮೆರವಣಿಗೆಯ ಹಾಗೆ ಪೇಟೆಬೀದಿಯಲ್ಲಿ ಹೋಗುವಾಗ ಅಂಗಡಿಗಳವರು ಲೆಕ್ಕ ಬಿಟ್ಟು ನೋಡುತ್ತಿದ್ದರು. ನಾನು ನನ್ನ ಕಾಲಿನ ಹೆಬ್ಬೆರಳನ್ನೇ ನೋಡಿಕೊಂಡು ನಡೆಯುತ್ತಿದ್ದೆ. ಮರುದಿನ ಬೆಳಿಗ್ಗೆ ಚೀಲ ಗೂಟದಲ್ಲಿ, ರೊಟ್ಟಿ ಹೆಂಚಿನಲ್ಲಿ.

ಒಂದು ಕಾರ್ತಿಕ ಸೋಮವಾರ ಅಯ್ಯನವರನ್ನು ಪ್ರಸಾದಕ್ಕೆ ಕರೆದಿದ್ದೆವು. ಮಲ್ಲಂದೂರಿನ ಕಡೆಯ ಒಂದು ಸಣ್ಣ ಮಠದ ವೃದ್ಧರು ಅವರು. ವರ್ಷಕ್ಕೊಮ್ಮೆ ಬಂದು, ಪಾದಪೂಜೆ ಮಾಡಿಸಿಕೊಂಡು, ಉಂಡು, ಹರಸಿ ಹೋಗುವರು. ಅವತ್ತು ಅಮ್ಮ ನಸುಕಿನಿಂದ ಹೋಳಿಗೆ ತಟ್ಟಿದ್ದಳು. ಅಯ್ಯನವರು ಮತ್ತು ಅಪ್ಪ ಎದುರುಬದುರಾಗಿ ಕೂತಿದ್ದರು. ಅಮ್ಮ ಅಯ್ಯನವರ ತಟ್ಟೆಗೆ ತುಪ್ಪ ಬಡಿಸುತ್ತಿದ್ದಾಗ ಅಪ್ಪ ಉಪ್ಪಿನಕಾಯಿ ಕೇಳಿದರು.

“ತರ್ತೀನಿ, ಅಯ್ಯನೋರಿಗೆ ಬಡಿಸಿಬಿಡ್ತೀನಿ ಇರಿ.”

“ನಾನು ಕೇಳಿದ್ದು ಕಿವಿಗೆ ಬೀಳಲ್ವಾ?”

ಅಮ್ಮನ ಎರಡು ಕೈಯಲ್ಲೂ ತುಪ್ಪದ ಗಿಂಡಿ. ಬಿಂದಿಗೆ ಸರಿಸಲು ಆಗಲಿಲ್ಲ. ತಟ್ಟೆ ಹಾರಿ, ಬಿಂದಿಗೆಗೆ ಬಡಿದು, ನೀರೂ ಅನ್ನವೂ ಹೋಳಿಗೆಯೂ ಅಯ್ಯನವರ ಮಣೆಯವರೆಗೆ ಹರಡಿದವು. ಅಜ್ಜಿ ಅಭ್ಯಾಸಬಲದಿಂದ ಬಾಯಿ ತೆರೆದರು:

“ಕೈಜಾರಿ...”

“ಹೂಂ ತಾಯಿ, ಜಾರ್ತು” ಎಂದರು ಅಯ್ಯನವರು.

ಆಮೇಲೆ ಆ ವೃದ್ಧರು ಮಣೆಯಿಂದ ಇಳಿದು ಮಂಡಿಯೂರಿ, ನೆಲದ ಮೇಲೆ ಬಿದ್ದಿದ್ದ ಅಗುಳುಗಳನ್ನು ಒಂದೊಂದಾಗಿ ಆಯ್ದು ತಮ್ಮ ತಟ್ಟೆಗೆ ಹಾಕಿಕೊಂಡರು. ಒದ್ದೆಯಾದ ಹೋಳಿಗೆಯ ಚೂರನ್ನೂ ಎತ್ತಿಕೊಂಡರು. ಅಪ್ಪ “ಬುದ್ಧಿ, ಬೇಡ ಬುದ್ಧಿ” ಎಂದು ಅರ್ಧ ಎದ್ದರು. ಅಯ್ಯನವರು ತಲೆಯೆತ್ತಲಿಲ್ಲ. “ಪ್ರಸಾದ ಅಲ್ವೇನಪ್ಪ” ಎಂದಷ್ಟೇ ಹೇಳಿ ಎಲ್ಲವನ್ನೂ ಉಂಡು, ತಟ್ಟೆ ತೊಳೆದು ಕುಡಿದು, ಎಂದಿನ ಹಾಗೆ ನನ್ನ ತಲೆ ಸವರಿ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಇಷ್ಟು ವರ್ಷವಾದರೂ ಹೋಳಿಗೆ ಬಡಿಸುವ ಪಂಕ್ತಿಗಳಲ್ಲಿ ಆ ಮಂಡಿಗಳು ನನ್ನ ಕಣ್ಣಮುಂದೆ ಬರುತ್ತವೆ, ನಾನು ತಲೆ ತಗ್ಗಿಸುತ್ತೇನೆ.

ಅವತ್ತು ನಾನು ಚಪ್ಪಲಿ ಹಾಕಿಕೊಂಡು ಸಿದ್ಧವಾಗಿ ನಿಂತೆ, ಬಸ್‌ಸ್ಟ್ಯಾಂಡಿಗೆ ಹೋಗಲೇಬೇಕಾಗುತ್ತದೆಂದು. ಅಮ್ಮ ಚೀಲದ ಕಡೆ ನೋಡಲೂ ಇಲ್ಲ. ನೆಲ ಒರೆಸಿದಳು, ಬಿಂದಿಗೆ ತುಂಬಿಸಿದಳು, ಅಜ್ಜಿಗೆ ಬಡಿಸಿದಳು. ಮುಂದಿನ ದಿನಗಳಲ್ಲಿ ಅವಳು ಹಪ್ಪಳದ ಡಬ್ಬ ತುಂಬಿದಳು, ಸಾರಿನ ಪುಡಿ ಕುಟ್ಟಿಟ್ಟಳು, ಅಜ್ಜಿಯ ಕಷಾಯದ ಸಾಮಾನು ಬೇರೆ ಬೇರೆ ಪೊಟ್ಟಣ ಕಟ್ಟಿದಳು. ನನಗೆ ಅಕ್ಕಿರೊಟ್ಟಿ ತಟ್ಟಲು ಹೇಳಿಕೊಟ್ಟಳು. “ಅವಸರ ಮಾಡಿದ್ರೆ ನಡುವೆ ಹರಿಯುತ್ತೆ, ನೋಡು” ಎಂದು ನನ್ನ ಬೆರಳುಗಳನ್ನು ತನ್ನ ಬೆರಳಲ್ಲಿ ಹಿಡಿದು ತಿರುಗಿಸಿದಳು. ಒಂದು ದಿನ ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಕಳಸಕ್ಕೆ ನೇರ ಹೋಗುವ ಬಸ್ಸು ಯಾವ ಹೊತ್ತಿಗೆ ಎಂದು ವಿಚಾರಿಸಿ ಬಂದಳು. ಚೀಲವಿಲ್ಲದೆ ಬಂದ ಅಕ್ಕನನ್ನು ಕಂಡು ಸಿದ್ದಣ್ಣ ಕೂಗುವುದನ್ನೇ ಮರೆತನಂತೆ.

ಆಮೇಲೆ ಒಂದು ಬುಧವಾರ. ಯಾವ ವಿಶೇಷವೂ ಇಲ್ಲದ ದಿನ. ಹುರುಳಿ ಸಾರು, ಬಾಳೆಕಾಯಿ ಪಲ್ಯ. ಅಪ್ಪನ ಮನಸ್ಸು ಚೆನ್ನಾಗಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡರು, ತಟ್ಟೆ ತೊಳೆದು ಕುಡಿದರು. ಅವರು ಕೈ ಒರೆಸಿಕೊಳ್ಳುವಾಗ ಅಮ್ಮ ಗೋಡೆಗೊರಗಿ ನಿಂತು ಹೇಳಿದಳು:

“ನಾಳೆ ಬೆಳಿಗ್ಗೆ ಬಸ್ಸಿಗೆ ನಾನು ಅಣ್ಣನ ಮನೆಗೆ ಹೋಗ್ತೀನಿ.”

ಅಪ್ಪ ನಕ್ಕರು.

“ಯಾಕೇ? ಇವತ್ತು ಜಗಳವೇ ಆಗಿಲ್ವಲ್ಲ.”

“ಆಗಿಲ್ಲ. ಅದಕ್ಕೇ ಇವತ್ತು ಹೇಳ್ತಿದೀನಿ. ಸಿಟ್ಟಲ್ಲಿ ಹೋದಾಗೆಲ್ಲ ನೀವು ಚೀಲ ತಗೊಂಡು ಬಂದ್ರಿ, ನಾನೂ ಬಂದೆ. ಈ ಸಲ ಚೀಲ ಬರಲ್ಲ, ನಾನೂ ಬರಲ್ಲ.”

“ಏನು ಹಾಗಂದ್ರೆ?”

“ಇನ್ನು ತಟ್ಟೆ ಎಸೆಯಲ್ಲ ಅಂತ ಹೇಳಿದ ದಿನ ಬರ್ತೀನಿ. ಎಸೆಯೋದು ಎಲ್ಲರ ಎದುರಿಗೆ ಎಸೀತೀರಿ. ಹೇಳೋದೂ ಎಲ್ಲರ ಎದುರಿಗೆ ಹೇಳ್ಬೇಕು. ಒಳಮನೇಲಿ ಪಿಸುಗುಟ್ಟಿದ್ರೆ ಆಗಲ್ಲ.”

ಅಜ್ಜಿ ಮೂಲೆಯಿಂದ “ಅಯ್ಯೋ ಶಿವನೇ, ಸಂಸಾರ ಅಂದ್ಮೇಲೆ...” ಎಂದು ಶುರುಮಾಡಿದರು. ಅಮ್ಮ ಅವರ ಕಡೆ ತಿರುಗಿ, “ಅತ್ತೆ, ನಿಮ್ಮ ಕಷಾಯದ ಪೊಟ್ಟಣ ಗೂಡಲ್ಲಿಟ್ಟಿದೀನಿ, ಪುಟ್ಟಿಗೆ ಗೊತ್ತು” ಎಂದಳು.

ಅಪ್ಪ ಅಂಗಡಿಗೆ ಹೋದ ಮೇಲೆ ಅಮ್ಮ ನನ್ನನ್ನು ಕೂರಿಸಿಕೊಂಡು ಕೇಳಿದಳು, ನೀನು ಬರ್ತೀಯಾ, ಇಲ್ಲೇ ಇದ್ದು ಶಾಲೆಗೆ ಹೋಗ್ತೀಯಾ ಎಂದು. ನಾನು ಬರ್ತೀನಿ ಎಂದು ಅವಳ ಮಡಿಲಿಗೆ ಬಿದ್ದೆ.

“ಈಗ ಹೇಳ್ಬೇಡ. ಮಲಗಿ, ಎದ್ದು, ಮುಖ ತೊಳೆದು ಹೇಳು. ಏನು ಹೇಳಿದ್ರೂ ನಂಗೆ ಬೇಜಾರಿಲ್ಲ.”

ಅಲ್ಲಿಯವರೆಗೆ ಯಾರೂ ನನಗೆ ಯೋಚಿಸಲು ಹೊತ್ತು ಕೊಟ್ಟಿರಲಿಲ್ಲ. ರಟ್ಟೆ ಹಿಡಿದು ಎಳೆದಿದ್ದರು ಅಷ್ಟೆ. ಬೆಳಿಗ್ಗೆ ನಾನು ಇಲ್ಲೇ ಇರ್ತೀನಿ ಎಂದೆ. ಅಪ್ಪನ ಮೇಲಿನ ಅಕ್ಕರೆಯಿಂದ ಅಲ್ಲ, ಪರೀಕ್ಷೆಗಾಗಿಯೂ ಅಲ್ಲ. ಆ ಕಲ್ಲುಬೆಂಚಿನ ಮೇಲೆ ಇನ್ನೊಮ್ಮೆ ಕೂರಲು ನಾಚಿಕೆಯಾಗುತ್ತಿತ್ತು. ಅಮ್ಮನಿಗೆ ಅದು ತಿಳಿಯಿತೆಂದೇ ನನ್ನ ಎಣಿಕೆ. “ಸರಿ” ಎಂದು ನನ್ನ ಜಡೆ ಹಾಕಿ, ಮಡಿಸಿಟ್ಟ ಸೀರೆಗಳನ್ನೂ ಬಾಚಣಿಗೆಯನ್ನೂ ಚೀಲಕ್ಕೆ ಹಾಕಿಕೊಂಡು, ಈ ಸಲ ಹಿತ್ತಿಲಿನಿಂದ ಅಲ್ಲ, ಅಂಗಡಿಯ ಮುಂಬಾಗಿಲಿನಿಂದ, ಪುಡಿ ಕೊಳ್ಳಲು ನಿಂತವರ ನಡುವೆ ಹಾದು ಹೊರಟಳು. “ಹೋಗಿಬರ್ತೀನಿ ರೀ” ಎಂದಳು. ಅಪ್ಪ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

ಆ ಸಂಜೆ ಕಳಸದ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಅಪ್ಪ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತರು. ಮರುದಿನವೂ ನಿಂತರು. ಆಮೇಲೆ ನಿಲ್ಲುವುದನ್ನು ಬಿಟ್ಟರು. ಕೇಳಿದವರಿಗೆ “ತವರಲ್ಲಿ ಕೊಯ್ಲು, ಜನ ಸಾಲದು ಅಂತ ಕರೆಸ್ಕೊಂಡ್ರು” ಎನ್ನುತ್ತಿದ್ದರು. ಕೇಳಿದವರು “ಹೌದೌದು, ಈ ಸಲ ಫಸಲು ಜೋರು” ಎಂದು ಮುಖ ಆ ಕಡೆ ತಿರುಗಿಸುತ್ತಿದ್ದರು. ರುದ್ರಮ್ಮ ನನ್ನನ್ನು ಕರೆದು ತಲೆಗೆ ಎಣ್ಣೆ ಹಾಕಿ ಬಾಚಿದಳು. ಅವಳ ಆ ಕರುಣೆ ಅವಳ ಕೊಂಕಿಗಿಂತ ಹೆಚ್ಚು ಚುಚ್ಚಿತು.

ಬಡಿಸುವವಳು ಈಗ ನಾನು. ಮಧ್ಯಾಹ್ನ ಶಾಲೆಯಿಂದ ಓಡಿಬಂದು ರೊಟ್ಟಿ ತಟ್ಟುತ್ತಿದ್ದೆ. ಅಜ್ಜಿ ಸಾರು ಇಳಿಸಿರುತ್ತಿದ್ದರು. ಒಂದು ದಿನ ನನ್ನ ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿತ್ತು. ಅಪ್ಪ ಅದನ್ನು ಮಗುಚಿ ನೋಡಿ ಸುಮ್ಮನಿದ್ದರು. ಅಜ್ಜಿ ಸುಮ್ಮನಿರಲಿಲ್ಲ.

“ಮಗು ಕೈ ಸುಟ್ಕೊಂಡು ಮಾಡಿದೆ, ತಿನ್ನು. ಹೆಂಡ್ತಿನ ಕರ್ಕೊಂಡು ಬರೋ ಧೈರ್ಯವಂತೂ ನಿಂಗಿಲ್ಲ.”

ಅಪ್ಪನ ಹುಬ್ಬು ಗಂಟಾಯಿತು. ಬಲಗೈ ತಟ್ಟೆಯ ಅಡಿಗೆ ಹೋಯಿತು. ತಟ್ಟೆ ಅಲುಗಿ, ಸಾರು ಅಂಚಿಗೆ ಬಂತು. ಅಲ್ಲಿಗೇ ನಿಂತಿತು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಯಾಕೆಂದು ನನಗೆ ತಕ್ಷಣ ತಿಳಿಯಲಿಲ್ಲ. ಕೆಳಗೆ ನೋಡಿದರೆ ನನ್ನ ಎರಡು ಕೈಗಳೂ ಬಿಂದಿಗೆಯ ಕಂಠದಲ್ಲಿದ್ದವು. ಯಾರೂ ಹೇಳಿಕೊಡದೆಯೇ ನಾನದನ್ನು ಪಕ್ಕಕ್ಕೆ ಸರಿಸಿದ್ದೆ.

ಅಪ್ಪ ತಟ್ಟೆ ಹಿಡಿದುಕೊಂಡೇ ಎದ್ದು ಹಿತ್ತಿಲಿಗೆ ಹೋದರು. ಡ್ರಮ್ಮಿನ ಪಕ್ಕದ ಕಟ್ಟೆಯ ಮೇಲೆ ಅವರು ಬೆನ್ನುಮಾಡಿ ಕೂತಿದ್ದು ಕಾಣುತ್ತಿತ್ತು. ಒಲೆ ಹಚ್ಚಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಟ್ಟೆ ಸಮೇತ ಒಳಗೆ ಬಂದು, ಅದೇ ಮಣೆಯ ಮೇಲೆ ಕೂತು, ಆರಿದ ಸಾರಿನಲ್ಲಿ ಸೀದ ರೊಟ್ಟಿಯನ್ನು ಅದ್ದಿ ಪೂರ್ತಿ ಉಂಡರು. ತಟ್ಟೆ ತೊಳೆದು ಕುಡಿದರು. ಬಾಯಿ ಒರೆಸಿಕೊಂಡವರೇ ಎದ್ದು ಅಂಗಿ ಎಳೆದುಕೊಂಡರು.

“ನಡಿ ಪುಟ್ಟಿ. ಈಗಲೇ ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬರಣ.”

ಬಾಗಿಲವರೆಗೆ ಹೋದರು. ಚೌಕಟ್ಟಿಗೆ ಕೈಯಿಟ್ಟು ನಿಂತರು. ತಿರುಗಿ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದರು.

“ಬೇಡ. ಭಾನುವಾರ ಹೋಗಣ. ಈಗ ಹೋದ್ರೆ ಬಾಯಿಗೆ ಬಂದಿದ್ದು ಹೇಳಿಬಿಡ್ತೀನಿ. ಏನು ಹೇಳ್ಬೇಕು ಅಂತ ಯೋಚನೆ ಮಾಡ್ಬೇಕು.”

ನನ್ನ ವಯಸ್ಸು ಈಗ ಅಪ್ಪನ ಆಗಿನ ವಯಸ್ಸನ್ನು ದಾಟಿದೆ. ಅವರ ಆ ಬಲಗೈ ನನಗೂ ಬಂದಿದೆ ಎಂದು ಮದುವೆಯಾದ ಹೊಸತರಲ್ಲೇ ಗೊತ್ತಾಯಿತು. ಸಿಟ್ಟು ಬಂದರೆ ಮೊಣಕೈಯಿಂದ ಬೆರಳಿನವರೆಗೆ ಒಂದು ಬಿಸಿ ಇಳಿಯುತ್ತದೆ; ಹತ್ತಿರ ಏನಿದೆಯೋ ಅದರ ಕಡೆಗೆ ಕೈ ತಾನೇ ಹೋಗುತ್ತದೆ. ನನ್ನ ಮಗ ಚಿಕ್ಕವನಿದ್ದಾಗ ಒಮ್ಮೆ ನನ್ನ ಮುಖ ನೋಡಿ ತನ್ನ ಹಾಲಿನ ಲೋಟವನ್ನು ದೂರ ಸರಿಸಿಟ್ಟ. ಅವತ್ತು ನಾನು ಹಿತ್ತಿಲಿಗೆ ಹೋಗಿ ಕೂತೆ. ಅಪ್ಪ ಅಷ್ಟು ಹೊತ್ತು ಬೆನ್ನುಮಾಡಿ ಕೂತಿದ್ದು ಏನು ಕಷ್ಟದ ಕೆಲಸವಾಗಿತ್ತೆಂದು ತಿಳಿದದ್ದು ಆಗಲೇ. ಹೊರಗಿನಿಂದ ನೋಡುವವರಿಗೆ ಅದು ಸುಮ್ಮನೆ ಕೂತ ಹಾಗೆ ಕಾಣುತ್ತದೆ.

ಭಾನುವಾರ ಅಪ್ಪ ಇಸ್ತ್ರಿಯ ಅಂಗಿ ಹಾಕಿ, ನನ್ನ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ತಡವಿತ್ತು. ಅದೇ ಕಲ್ಲುಬೆಂಚಿನ ಮೇಲೆ ಕೂತೆವು. ಸಿದ್ದಣ್ಣ ದೂರದಿಂದಲೇ ನೋಡಿ ಹತ್ತಿರ ಬಂದ.

“ಏನ್ ಸಾವ್ಕಾರ್ರೇ, ಈ ಸಲ ನಿಮ್ಮ ಪಾಳಿಯಾ?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ನಿಧಾನವಾಗಿ ಸಡಿಲವಾಯಿತು.

“ಹೂಂ ಸಿದ್ದಣ್ಣ, ನನ್ನ ಪಾಳಿ. ಕೂರಕ್ಕೆ ಸೀಟು ನೋಡು.”

ಮಾವನ ಮನೆಯ ಕಣದಲ್ಲಿ ಕಾಫಿಹಣ್ಣು ಹರವಿದ್ದರು. ಕೊಯ್ಲಿನವರು ಹಣ್ಣು ಅಳೆಸಲು ಮೂಟೆಗಳೊಂದಿಗೆ ಸಾಲಾಗಿ ನಿಂತಿದ್ದರು. ಮಾವ, ಅತ್ತೆ, ತಲೆಗೆ ಬಟ್ಟೆ ಕಟ್ಟಿಕೊಂಡು ಹಣ್ಣು ಹರಡುತ್ತಿದ್ದ ಅಮ್ಮ, ಎಲ್ಲರೂ ಅಲ್ಲೇ. ಮಾವ “ಬನ್ನಿ ಭಾವ, ಒಳಗೆ ಬನ್ನಿ, ಕೈಕಾಲು ತೊಳೀರಿ” ಎಂದರು. ಅಪ್ಪ ಕಣದ ಅಂಚಿನಲ್ಲೇ ನಿಂತರು.

“ಒಳಗೆ ಆಮೇಲೆ ಬರ್ತೀನಿ. ಮೊದಲು ಒಂದು ಮಾತು ಹೇಳ್ಬೇಕು.” ಕೊಯ್ಲಿನವರ ಕಡೆಗೂ ತಿರುಗಿದರು. “ನಮ್ಮ ಮನೇಲಿ ತಟ್ಟೆ ಕೈಜಾರಿ ಬೀಳ್ತಿರಲಿಲ್ಲ. ನಾನು ಎಸೀತಿದ್ದೆ. ಅಯ್ಯನೋರ ಎದುರಿಗೂ ಎಸೆದೆ. ಇನ್ನು ಎಸೆಯಲ್ಲ.”

ಕೊಯ್ಲಿನ ಹೆಂಗಸೊಬ್ಬಳು ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ಅಪ್ಪನ ಕಿವಿಗಳು ಕೆಂಪಾಗಿದ್ದವು. ಅವರನ್ನು ಹಾಗೆ ನೋಡಲಾಗದೆ ನಾನು ಮನೆಯೊಳಗೆ ಹೋಗಲು ತಿರುಗಿದೆ. ಅಮ್ಮ ನನ್ನ ಭುಜ ಹಿಡಿದು ನಿಲ್ಲಿಸಿದಳು. ಆವರೆಗೆ ಆ ಮನೆಯ ನಾಚಿಕೆಯನ್ನೆಲ್ಲ ಅವಳೂ ನಾನೂ ಪೇಟೆಬೀದಿಯಲ್ಲಿ ಹೊತ್ತು ತಿರುಗಿದ್ದೆವು. ಅವತ್ತು ಅಪ್ಪ ತಮ್ಮದನ್ನು ತಾವೇ ಹೊತ್ತು ನಿಂತಿದ್ದರು.

“ಕೇಳಿಸ್ತು” ಎಂದಳು ಅಮ್ಮ. “ಊಟ ಮಾಡಿ ಹೊರಡಿ. ನಾನು ಇವತ್ತು ಬರಲ್ಲ. ಕೊಯ್ಲು ಮುಗಿಸಿಕೊಡ್ತೀನಿ ಅಂತ ಅತ್ತಿಗೆಗೆ ಮಾತು ಕೊಟ್ಟಿದೀನಿ. ಮುಗಿದ ಮೇಲೆ ನಾನೇ ಬರ್ತೀನಿ.”

ಹಾಗೆಯೇ ಬಂದಳು ಕೂಡ. ಆಮೇಲೆ ಅಪ್ಪ ಕೂಗಾಡಿದ್ದುಂಟು, ಊಟ ಬಿಟ್ಟು ಎದ್ದದ್ದುಂಟು, ಪುಡಿ ಕರಕಲಾದದ್ದೂ ಉಂಟು. ತಟ್ಟೆ ಮಾತ್ರ ನೆಲ ಬಿಡಲಿಲ್ಲ. ಆದರೆ ಆ ಭಾನುವಾರದ ಸಂಜೆ ಇದೊಂದೂ ನಮಗೆ ತಿಳಿದಿರಲಿಲ್ಲ. ಹೆಂಡತಿಯನ್ನು ಕರೆತರಲು ಹೋದವರು ಬರಿಗೈಯಲ್ಲಿ ಪೇಟೆಗೆ ಮರಳುತ್ತಿದ್ದರು. ಬಸ್ಸು ತಿರುವುಗಳಲ್ಲಿ ವಾಲುವಾಗ ನಾನು ಅವರ ತೋಳಿಗೆ ತಾಗುತ್ತಿದ್ದೆ. ಅವರು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು:

“ಪುಟ್ಟಿ, ನಿಮ್ಮಮ್ಮ ಇವತ್ತೇ ಬರಲ್ಲ ಅಂದಿದ್ದು ಸರಿ ಅನ್ನಿಸ್ತಾ ನಿಂಗೆ?”

ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೆದರುತ್ತಲೇ ಹೂಂ ಎಂದೆ. ಬಸ್ಸು ಬಾಳೆಹೊನ್ನೂರಿಗೆ ಬಂದು, ಜನ ಇಳಿದು, ಹತ್ತಿ, ಮತ್ತೆ ಹೊರಟಿತು. ಅಪ್ಪ ಆಗ ನನ್ನ ಕಡೆ ತಿರುಗಿದರು.

“ನಂಗೂ” ಎಂದರು.